"ಮನೇಲೇ ಇದ್ದೀಯಲ್ಲ, ಮಗು ನೋಡ್ಕೊಳ್ಳೋಕೇನು?"

ಓದುಗರ ಪ್ರಶ್ನೆ: ನನ್ನ ಮಗಳಿಗೆ 7 ತಿಂಗಳು. ನನಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಹೆರಿಗೆ ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು ಅಂತ ಹಾಸನದಲ್ಲಿ ಅತ್ತೆ ಮನೆಯಲ್ಲೇ ಉಳಿದೆ. ಬೆಳಿಗ್ಗೆ 9.30ರಿಂದ ಸಂಜೆ 6.30ರವರೆಗೆ ಕೆಲಸ, ವಾರದಲ್ಲಿ ಮೂರು ದಿನ ರಾತ್ರಿ 8.30ಕ್ಕೆ ಅಮೆರಿಕದ ಟೀಮ್ ಜೊತೆ ಕಾಲ್. ಯಜಮಾನರು ಕಾಲೇಜಿನಲ್ಲಿ ಲೆಕ್ಚರರ್, 9ಕ್ಕೆ ಹೋದರೆ ಬರುವುದು 5.15ಕ್ಕೆ. ಅತ್ತೆಗೆ ಮಂಡಿನೋವು, ಮಗುವನ್ನು ಎತ್ತಿಕೊಂಡು ಓಡಾಡಲು ಆಗುವುದಿಲ್ಲ. "ಮನೇಲೇ ಇದ್ದೀಯಲ್ಲ, ಮಗು ನೋಡ್ಕೊಳ್ಳೋಕೇನು" ಅನ್ನುತ್ತಾರೆ, ಚುಚ್ಚಿ ಅಲ್ಲ, ಸಹಜವಾಗಿಯೇ. ಕೆಲಸ ಶುರುವಾಗಿ ಒಂದು ತಿಂಗಳಾಯಿತು. ಸೀರೆ ಜೋಲಿಯಲ್ಲಿ ತೂಗಿದರೆ ಅರ್ಧ ಗಂಟೆ ಮಲಗುತ್ತಾಳೆ, ಅಷ್ಟೇ. ಕಾಲ್ ಇದ್ದಾಗ ಫೋನಿನಲ್ಲಿ ಹಾಡು ಹಾಕಿಕೊಟ್ಟರೆ ಮಾತ್ರ ಸುಮ್ಮನಿರುತ್ತಾಳೆ. ಎದೆಹಾಲು ಕಡಿಮೆಯಾದ ಹಾಗಿದೆ, ಪಂಪ್ ಮಾಡಿದರೆ 40 ಮಿಲಿ ಕೂಡ ಬರುವುದಿಲ್ಲ. ವಾಕರ್ ತರೋಣ ಅಂತ ಯಜಮಾನರು, ಜಾಯಿಕಾಯಿ ತೇಯ್ದು ನೆಕ್ಕಿಸು ಅಂತ ಪಕ್ಕದ ಮನೆಯವರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಉಳಿದ ಕೆಲಸ ಮುಗಿಸುತ್ತೇನೆ. ಸುಮ್ಮಸುಮ್ಮನೆ ಅಳು ಬರುತ್ತದೆ. ಬೇರೆಯವರೆಲ್ಲ ನಿಭಾಯಿಸುತ್ತಾರಲ್ಲ, ನನಗೇ ಏಕೆ ಆಗುತ್ತಿಲ್ಲ? ಕೆಲಸ ಬಿಟ್ಟುಬಿಡಲಾ?

ಮಕ್ಕಳ ತಜ್ಞೆಯ ಉತ್ತರ:

ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ನಿದ್ದೆ, ಹಾಲು, ಫೋನು, ಅಳು ಎಲ್ಲದರ ಬೇರು ಒಂದೇ: ಒಂದೇ ಹೊತ್ತಿನಲ್ಲಿ ಒಬ್ಬರೇ ಎರಡು ಪೂರ್ಣಾವಧಿ ಕೆಲಸ ಮಾಡುತ್ತಿದ್ದೀರಿ. "ನನಗೇ ಏಕೆ ಆಗುತ್ತಿಲ್ಲ" ಅನ್ನುವುದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಯಾರಿಗೂ ಆಗುವುದಿಲ್ಲ. ನಿಭಾಯಿಸುತ್ತಿರುವ ಹಾಗೆ ಕಾಣುವ ಮನೆಗಳಲ್ಲಿ ವಿಚಾರಿಸಿ ನೋಡಿ, ಹಿಂದೆ ಒಬ್ಬ ಗಟ್ಟಿಮುಟ್ಟಾದ ಅಜ್ಜಿಯೋ, ಆಯಾನೋ, ಬೇಗ ಮನೆಗೆ ಬರುವ ಗಂಡನೋ ಇದ್ದೇ ಇರುತ್ತಾರೆ. ಇಲ್ಲದಿದ್ದರೆ ತಾಯಿ ರಾತ್ರಿ ನಾಲ್ಕು ಗಂಟೆ ಮಾತ್ರ ಮಲಗುತ್ತಿರುತ್ತಾಳೆ.

ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕೋಣ

7 ತಿಂಗಳ ಮಗು 24 ಗಂಟೆಯಲ್ಲಿ ಒಟ್ಟು 12ರಿಂದ 16 ಗಂಟೆ ಮಲಗುತ್ತದೆ. ಅದರಲ್ಲಿ ಹಗಲಿನ ಪಾಲು ಎರಡೂವರೆಯಿಂದ ಮೂರೂವರೆ ಗಂಟೆ, ಎರಡು ಮೂರು ಕಂತಿನಲ್ಲಿ. ಒಂದು ನಿದ್ದೆಯಿಂದ ಎದ್ದ ಮೇಲೆ ಎರಡರಿಂದ ಮೂರು ಗಂಟೆ ಎಚ್ಚರ ಇರಬಲ್ಲದು, ಅದಕ್ಕಿಂತ ಹೆಚ್ಚಾದರೆ ರಚ್ಚೆ ಹಿಡಿಯುತ್ತದೆ. ಬೆಳಿಗ್ಗೆ 6.30ಕ್ಕೆ ಏಳುವ ಮಗುವಿಗೆ ಸರಿಹೊಂದುವ ದಿನಚರಿ ಸುಮಾರು ಹೀಗೆ: 9ರಿಂದ 10 ಮೊದಲ ನಿದ್ದೆ, 12.45ರಿಂದ 2 ಎರಡನೆಯದು, 4.15ರಿಂದ 4.45 ಸಣ್ಣದೊಂದು, ರಾತ್ರಿ 7.45ಕ್ಕೆ ಮಲಗುವುದು.

ಇದನ್ನು ನಿಮ್ಮ ಕೆಲಸದ ವೇಳೆಯ ಮೇಲೆ ಇಟ್ಟು ನೋಡಿ. 9.30ರಿಂದ 6.30 ಅಂದರೆ 9 ಗಂಟೆ. ಅದರೊಳಗೆ ಮಗು ಮಲಗಿರುವುದು ಎರಡೂಕಾಲು ಗಂಟೆ, ಎಚ್ಚರವಾಗಿರುವುದು ಆರೂಮುಕ್ಕಾಲು ಗಂಟೆ. ಎರಡು ಸಲ ಹಾಲು ಕುಡಿಸಲು ತಲಾ 20 ನಿಮಿಷ, ನಿಮ್ಮ ಊಟದ ಜೊತೆ ಅವಳ ಊಟಕ್ಕೆ ಅರ್ಧ ಗಂಟೆ ತೆಗೆಯಿರಿ. ಇನ್ನೂ ಐದೂವರೆ ಗಂಟೆ ಮಿಗುತ್ತದೆ. ಆ ಹೊತ್ತಿನಲ್ಲಿ ಮಗುವಿನ ಮೇಲೆ ಬೇರೆ ಯಾರದಾದರೂ ಕಣ್ಣು ಮತ್ತು ಕೈ ಇರಲೇಬೇಕು. ಈಗ ಆ ಐದೂವರೆ ಗಂಟೆಯನ್ನು ನೀವು ತುಂಬುತ್ತಿರುವುದು ಒಂದಿಷ್ಟು ಫೋನಿನಿಂದ, ಒಂದಿಷ್ಟು ಜೋಲಿಯಿಂದ, ಉಳಿದದ್ದು ನಿಮ್ಮ ರಾತ್ರಿ ನಿದ್ದೆಯಿಂದ.

ಮನೆಯಿಂದ ಕೆಲಸ ಮಾಡುವುದರಿಂದ ನಿಮಗೆ ಓಡಾಟದ ಹೊತ್ತು ಉಳಿಯುತ್ತದೆ, ನೇರವಾಗಿ ಎದೆಹಾಲು ಕುಡಿಸುವ ಅನುಕೂಲ ಸಿಗುತ್ತದೆ. ಸಿಗುವುದು ಅಷ್ಟೇ, ಅದು ಸಣ್ಣದೂ ಅಲ್ಲ. ಮಗು ನೋಡಿಕೊಳ್ಳುವ ಏರ್ಪಾಡು ಮಾತ್ರ ನೀವು ಆಫೀಸಿಗೆ ಹೋಗುವವರಾಗಿದ್ದರೆ ಹೇಗೆ ಬೇಕಾಗುತ್ತಿತ್ತೋ ಹೆಚ್ಚುಕಡಿಮೆ ಹಾಗೆಯೇ ಬೇಕು. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅತ್ತೆಯವರ ಮುಂದೂ ಯಜಮಾನರ ಮುಂದೂ ಇಡಿ. ವಾದಕ್ಕಿಂತ ಲೆಕ್ಕ ಬೇಗ ಅರ್ಥವಾಗುತ್ತದೆ.

ಎತ್ತಿಕೊಂಡು ಅಭ್ಯಾಸ ಮಾಡಿಸಿದ್ದಕ್ಕೇ ಹೀಗಾ?

ಪ್ರಶ್ನೆಯಲ್ಲಿ ನೀವು ಹಾಗೆ ಬರೆದಿಲ್ಲ, ಆದರೆ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ತಪ್ಪು ಕಲ್ಪನೆ. 6ರಿಂದ 8 ತಿಂಗಳ ನಡುವೆ ಮಗುವಿಗೆ ಹೊಸದೊಂದು ತಿಳಿವಳಿಕೆ ಬರುತ್ತದೆ: ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅನ್ನುವುದು. ಎಲ್ಲೋ ಇದ್ದಾಳೆ ಅಂದಮೇಲೆ ಕರೆಯಬಹುದು, ಕರೆಯಲು ಅವಳಿಗೆ ಗೊತ್ತಿರುವುದು ಅಳು ಒಂದೇ. ಇದು ಮೆದುಳು ಬೆಳೆಯುತ್ತಿರುವ ಗುರುತು. ಸಾಮಾನ್ಯವಾಗಿ 10ರಿಂದ 18 ತಿಂಗಳಲ್ಲಿ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ.

ಮನೆಯಿಂದ ಕೆಲಸ ಮಾಡುವವರಿಗೆ ಇದೇ ಉರುಳಾಗುತ್ತದೆ. ಹಾಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ನೀವು ಎದುರಿಗೇ ಇರುತ್ತೀರಿ, ಕೈಗೆ ಮಾತ್ರ ಸಿಗುವುದಿಲ್ಲ. ಪೂರ್ತಿ ಮರೆಯಾದ ತಾಯಿಗಿಂತ ಎದುರಿಗಿದ್ದೂ ಎತ್ತಿಕೊಳ್ಳದ ತಾಯಿ ಮಗುವನ್ನು ಹೆಚ್ಚು ಅಳಿಸುತ್ತಾಳೆ. ಬಾಗಿಲಿರುವ ಕೋಣೆಯಲ್ಲಿ ಕೂರಿ, ಮನೆಯ ಓಡಾಟದಿಂದ ಆದಷ್ಟು ದೂರ. ಕಾಲ್‌ನಲ್ಲಿ ನಿಮ್ಮ ದನಿಯೂ ಹೊರಗೆ ಕೇಳದಿದ್ದರೆ ಒಳ್ಳೆಯದು, ಬಾಯಿಯ ಹತ್ತಿರ ಮೈಕ್ ಇರುವ ಹೆಡ್‌ಸೆಟ್ ಇದ್ದರೆ ಮೆಲ್ಲಗೆ ಮಾತಾಡಿದರೂ ಸಾಕಾಗುತ್ತದೆ. ಕೋಣೆಗೆ ಹೋಗುವಾಗ ಕಣ್ಣು ತಪ್ಪಿಸಿ ನುಸುಳಬೇಡಿ. "ಅಮ್ಮ ಕೆಲಸಕ್ಕೆ ಹೋಗ್ತಾಳೆ, ಟಾಟಾ" ಅಂತ ಪ್ರತಿ ಸಲ ಅದೇ ಮಾತು ಹೇಳಿ, ಅರ್ಧ ನಿಮಿಷದಲ್ಲಿ ಮುಗಿಸಿ. ಮೊದಲ ವಾರ ಅಳುತ್ತಾಳೆ. ಹೋದವರು ಬರುತ್ತಾರೆ ಅನ್ನುವುದು ಹತ್ತಾರು ಸಲ ನೋಡಿದ ಮೇಲೆ ಅಳು ಚಿಕ್ಕದಾಗುತ್ತದೆ. ನಡುವೆ ನೀರಿಗೆ, ಕಾಫಿಗೆ ಅಂತ ಹತ್ತು ಸಲ ಹೊರಗೆ ಬಂದರೆ ಹತ್ತು ಸಲವೂ ಅಗಲಿಕೆಯೇ. ನೀರಿನ ಬಾಟಲಿ ಒಳಗೇ ಇಟ್ಟುಕೊಳ್ಳಿ.

ಹಾಲು ನಿಜವಾಗಿ ಕಡಿಮೆಯಾಗಿದೆಯೇ?

ಪಂಪಿಗೆ ಬರುವ ಹಾಲು ಎದೆಯಲ್ಲಿರುವ ಹಾಲಿನ ಅಳತೆಯಲ್ಲ. ಮಗು ಎಳೆಯುವಷ್ಟು ಚೆನ್ನಾಗಿ ಯಾವ ಪಂಪೂ ಎಳೆಯುವುದಿಲ್ಲ. 7 ತಿಂಗಳಲ್ಲಿ ಎದೆ ಮೆತ್ತಗಿರುವುದು, ಸೋರದಿರುವುದು ಸಹಜ, ಬಾಣಂತನದ ಮೊದಲ ವಾರಗಳ ಬಿಗಿ ಈಗ ಇರುವುದಿಲ್ಲ. ನೋಡಬೇಕಾದದ್ದು ಎರಡು. ದಿನಕ್ಕೆ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಮೂತ್ರ ಮಾಡುತ್ತಾಳೆಯೇ? ತಾಯಿ ಕಾರ್ಡಿನ ತೂಕದ ಗೆರೆ ಮೇಲೇರುತ್ತಿದೆಯೇ? 6ರಿಂದ 9 ತಿಂಗಳಲ್ಲಿ ತಿಂಗಳಿಗೆ 300ರಿಂದ 400 ಗ್ರಾಂ ಏರಿದರೂ ಸಾಕು. ಮೊದಲ ತಿಂಗಳುಗಳ ವೇಗ ಈಗ ಇರಬೇಕಾಗಿಲ್ಲ.

ಹಾಗಿದ್ದೂ ನಿಮ್ಮ ಅನುಮಾನದಲ್ಲಿ ಸತ್ಯಾಂಶ ಇರಬಹುದು. ಎದೆಯಲ್ಲಿ ಹಾಲು ಖಾಲಿಯಾದಂತೆ ಹೊಸದು ಬರುತ್ತದೆ. ತುಂಬಿಕೊಂಡೇ ಇದ್ದರೆ "ಸಾಕು" ಅನ್ನುವ ಸಂದೇಶ ಹೋಗಿ ಉತ್ಪಾದನೆ ಇಳಿಯುತ್ತದೆ. ಕಾಲ್ ಇದೆ ಅಂತ ಹಾಲಿನ ಹೊತ್ತನ್ನು ಫೋನಿನಿಂದ ಮುಂದೂಡುವಾಗ ಆಗುವುದು ಇದೇ. ಹಗಲು ತಪ್ಪಿದ ಹಾಲನ್ನು ಮಗು ರಾತ್ರಿ ಕೇಳುತ್ತದೆ, ನಿಮ್ಮ ರಾತ್ರಿ ಮುರಿಯುತ್ತದೆ, ಬೆಳಿಗ್ಗೆ ಅವಳಿಗೆ ಹಸಿವಿರುವುದಿಲ್ಲ. ರಾತ್ರಿ ಎರಡಕ್ಕಿಂತ ಹೆಚ್ಚು ಸಲ ಎದ್ದು ಹೊಟ್ಟೆತುಂಬ ಕುಡಿಯುತ್ತಿದ್ದರೆ ಮೊದಲು ಹಗಲಿನ ಹಾಲನ್ನು ಸರಿಪಡಿಸಿ.

ಮನೆಯಲ್ಲೇ ಇದ್ದೀರಿ, ಹಾಗಾಗಿ ದುಬಾರಿ ಪಂಪಿನ ಅಗತ್ಯವೇ ನಿಮಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, 10ಕ್ಕೆ, 2ಕ್ಕೆ, 4.45ಕ್ಕೆ, ಮಲಗುವ ಮುಂಚೆ: ಐದು ಸಲ ನೇರವಾಗಿ ಕುಡಿಸಿದರೆ ಹಗಲಿಗೆ ಸಾಕು. 10ಕ್ಕೂ 2ಕ್ಕೂ ಕಂಪನಿಯ ಕ್ಯಾಲೆಂಡರಿನಲ್ಲಿ 20 ನಿಮಿಷ ಬ್ಲಾಕ್ ಮಾಡಿ, 4.45ರದ್ದು ನಿಮ್ಮ ಟೀ ವಿರಾಮ. ಆ ಹೊತ್ತಿನಲ್ಲಿ ಕಿವಿಯಲ್ಲಿ ಕಾಲ್ ಬೇಡ. ಈ ವಯಸ್ಸಿನ ಮಗುವಿಗೆ ಲೋಕವೆಲ್ಲ ಕುತೂಹಲ, ಲ್ಯಾಪ್‌ಟಾಪಿನಲ್ಲಿ ಯಾರೋ ಮಾತಾಡಿದರೆ ಮೊಲೆತೊಟ್ಟು ಬಾಯಲ್ಲಿಟ್ಟುಕೊಂಡೇ ಆ ಕಡೆ ತಿರುಗುತ್ತದೆ. ನಿಮಗೆ ನೋವು, ಅವಳಿಗೆ ಅರೆಹೊಟ್ಟೆ. ಕತ್ತಲೆ ಮಾಡಿದ ಕೋಣೆಯಲ್ಲಿ ಹತ್ತೇ ನಿಮಿಷದಲ್ಲಿ ಕುಡಿದು ಮುಗಿಸುತ್ತಾಳೆ.

ಯಾವಾಗಲಾದರೂ ಬೆಂಗಳೂರಿನ ಆಫೀಸಿಗೆ ಹೋಗಬೇಕಾಗಿ ಬಂದರೆ ಆ ದಿನಕ್ಕೆ ಮಾತ್ರ ಹಾಲು ತೆಗೆದಿಡಿ. ಪಂಪ್ ಇದ್ದರೆ ಎರಡು ಕಡೆಯೂ 15 ನಿಮಿಷ. ಎಳೆತ ಜಾಸ್ತಿ ಮಾಡಿದರೆ ಹಾಲು ಜಾಸ್ತಿ ಬರುವುದಿಲ್ಲ, ತೊಟ್ಟು ಗಾಯವಾಗುತ್ತದೆ ಅಷ್ಟೇ. ಎದೆಗೆ ಕೂರುವ ಬಟ್ಟಲಿನ ಕೊಳವೆಯಲ್ಲಿ ತೊಟ್ಟು ಉಜ್ಜದೆ ಆಡಬೇಕು, ಉಜ್ಜಿದರೆ ಅಳತೆ ತಪ್ಪಾಗಿದೆ ಅಂತ ಅರ್ಥ. ಇನ್ನೊಂದು, ಯಾರೂ ನೋಡದ ಜಾಗ: ಪಂಪಿನ ಕೆಳಗಿರುವ ಬೆರಳುದ್ದದ ಬಿಳಿ ರಬ್ಬರ್ ವಾಲ್ವ್. ಬ್ರಷ್ ಹಾಕಿ ತೊಳೆದು ತೊಳೆದು ಅದರ ಸೀಳು ಅಗಲವಾದರೆ ಮೋಟಾರ್ ಸದ್ದು ಮಾಡುತ್ತದೆ, ಎಳೆತ ಇರುವುದಿಲ್ಲ. ನಿಮ್ಮ 40 ಮಿಲಿಗೆ ಅದೂ ಕಾರಣವಿರಬಹುದು, ಬದಲಿಸಿ ನೋಡಿ.

ತೆಗೆದ ಹಾಲನ್ನು 60ರಿಂದ 100 ಮಿಲಿ ಭಾಗ ಮಾಡಿ, ತಾರೀಕು ಬರೆದು ಫ್ರಿಜ್ಜಿನ ಬಾಗಿಲಿನಲ್ಲಲ್ಲ, ಒಳಗೆ ಹಿಂಬದಿಯಲ್ಲಿಡಿ. 4 ದಿನ ಇರುತ್ತದೆ. ಹೊರಗಿಟ್ಟರೆ 4 ಗಂಟೆ, ಬೇಸಿಗೆಯಲ್ಲಿ ಅಷ್ಟೂ ನಂಬಬೇಡಿ. ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್‌ನಲ್ಲಿ ಒಂದೊಂದು ಕಡೆ ಕುದಿಯುವಷ್ಟು ಬಿಸಿಯಾಗಿ ಬಾಯಿ ಸುಡುತ್ತದೆ. ಮೇಲೆ ಕೆನೆ ಕಟ್ಟಿದ್ದರೆ ಕೆಟ್ಟಿದೆ ಅಂತಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಒಮ್ಮೆ ಬಾಯಿ ಹಚ್ಚಿದ ಹಾಲು ಎರಡು ಗಂಟೆಯ ಮೇಲೆ ಬೇಡ. ಈ ವಯಸ್ಸಿನಲ್ಲಿ ಹೊಸದಾಗಿ ಬಾಟಲಿ ಕಲಿಸುವ ಗೋಜೂ ಬೇಡ. ಒಳಲೆಯಲ್ಲೋ ಸಣ್ಣ ಸ್ಟೀಲ್ ಲೋಟದಲ್ಲೋ ಕೂರಿಸಿಕೊಂಡು ಕುಡಿಸಿದರೆ ಎರಡೇ ದಿನದಲ್ಲಿ ಕಲಿಯುತ್ತಾಳೆ.

ಡಬ್ಬಿ ಹಾಲು ಕೊಟ್ಟರೆ ಮಹಾಪಾಪವೇನಲ್ಲ, ಆದರೆ ಕೊಡುವುದಾದರೆ ಸರಿಯಾಗಿ ಕೊಡಿ. ಕುದಿಸಿದ ನೀರು ತೀರಾ ಆರುವ ಮುಂಚೆ ಪುಡಿ ಹಾಕಿ, ಡಬ್ಬಿಯ ಜೊತೆ ಬಂದ ಚಮಚದಲ್ಲೇ ಅಂಚು ಸವರಿ ಅಳೆಯಿರಿ. ಸಾಮಾನ್ಯವಾಗಿ 30 ಮಿಲಿ ನೀರಿಗೆ ಒಂದು ಚಮಚ, ನಿಮ್ಮ ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಆರಿಸಿ ಕೊಡಿ, ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ. ಡಬ್ಬಿ ಹೆಚ್ಚು ದಿನ ಬರಲಿ ಅಂತ ನೀರಾಗಿ ಕಲಸುವ ಮನೆಗಳಿವೆ, ಮಗು ಸೊರಗುತ್ತದೆ. ಹಾಲು ಹೆಚ್ಚಲಿ ಅಂತ ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ತಪ್ಪಿದ ಹಾಲೂಡಿಕೆಯನ್ನು ಸೊಪ್ಪು ತುಂಬಿಕೊಡುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಹಾಲು ಬರುವ ಮಾತ್ರೆ ನುಂಗಬೇಡಿ. ಎದೆ ಒಂದು ಕಡೆ ಕೆಂಪಾಗಿ, ಗಂಟಾಗಿ, ಜೊತೆಗೆ ಚಳಿಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಆ ಎದೆಯಲ್ಲೂ ಕುಡಿಸುವುದನ್ನು ನಿಲ್ಲಿಸಬಾರದು.

ಜೋಲಿ, ಜಾಯಿಕಾಯಿ, ವಾಕರ್

ಮಗುವಿನ ಒಂದು ನಿದ್ದೆಯ ಸುತ್ತು 40ರಿಂದ 50 ನಿಮಿಷ. ಸುತ್ತು ಮುಗಿದಾಗ ಅರೆಎಚ್ಚರವಾಗುತ್ತದೆ. ಮಲಗುವಾಗ ತೂಗುತ್ತಿತ್ತು, ಈಗ ತೂಗುತ್ತಿಲ್ಲ, ಆದ್ದರಿಂದ ಪೂರ್ತಿ ಏಳುತ್ತದೆ. ನಿಮ್ಮ ಅರ್ಧ ಗಂಟೆಯ ಗುಟ್ಟು ಇದು. ತೂಗುವ ಅಭ್ಯಾಸ ಬಿಡಿಸಲು ಹತ್ತು ಹದಿನೈದು ದಿನ ಹಿಡಿಯುತ್ತದೆ: ಮೊದಲ ಮೂರು ದಿನ ಕಣ್ಣು ಮುಚ್ಚುವ ಹೊತ್ತಿಗೆ ತೂಗುವುದು ನಿಲ್ಲಿಸಿ, ಆಮೇಲೆ ತೊಡೆಯ ಮೇಲೆ ತಟ್ಟಿ, ಆಮೇಲೆ ಹಾಸಿಗೆಯ ಮೇಲೇ ಮಲಗಿಸಿ ತಟ್ಟಿ. ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಲಿ, ದಿಂಬು ಬೇಡ, ಮಲಗಿಸುವಾಗ ಅಂಗಾತ. ಆರಂಭವನ್ನು ಬೆಳಿಗ್ಗೆ 9ರ ನಿದ್ದೆಯಿಂದ ಮಾಡಿ, ಸಂಜೆಯದ್ದು ಕೊನೆಗೆ. ಸೀರೆ ಜೋಲಿಯನ್ನು ಹೇಗೂ ಈಗ ಬಿಡಲೇಬೇಕು. ಮಗುಚಿಕೊಳ್ಳುವ, ಕೂರಲು ಹವಣಿಸುವ ಮಗು ಅದರಲ್ಲಿ ಕತ್ತು ಬಾಗಿಸಿಕೊಂಡು ಉಸಿರುಕಟ್ಟಬಹುದು, ಇಲ್ಲವೆ ಅಂಚಿನಿಂದ ತಲೆಕೆಳಗಾಗಿ ಬೀಳಬಹುದು. ಬಾಗಿಲು ಹಾಕಿಕೊಂಡು ಕಾಲ್‌ನಲ್ಲಿರುವ ನಿಮಗೆ ಆ ಸದ್ದೂ ಕೇಳುವುದಿಲ್ಲ.

ಜಾಯಿಕಾಯಿ ಬೇಡವೇ ಬೇಡ. ಹಿಂದಿನವರು ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ನೆಕ್ಕಿಸುತ್ತಿದ್ದರು, ನಿಜ. ಆದರೆ ಒಂದು ಸುತ್ತಿನಲ್ಲಿ ಎಷ್ಟು ಹೋಯಿತು ಅಂತ ಅಳೆಯುವವರಾರು? ಹೆಚ್ಚಾದರೆ ಅದು ವಿಷ. ಮಂಪರು, ವೇಗದ ಎದೆಬಡಿತ, ವಾಂತಿ ಬರುತ್ತವೆ. ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್ ಕೊಡುವುದೂ ಅದೇ ಜಾತಿಯ ಅಪಾಯ.

ವಾಕರ್ ಬಗ್ಗೆ ಯಜಮಾನರಿಗೆ ಒಂದು ಮಾತು: ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಮೆಟ್ಟಿಲಿನಿಂದ, ಹೊಸ್ತಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವುದು ಒಂದು. ಇನ್ನೊಂದು, ವಾಕರ್‌ನಲ್ಲಿ ಮಗುವಿನ ಎತ್ತರ ಏಕಾಏಕಿ ಹೆಚ್ಚುತ್ತದೆ, ನಿಮ್ಮ ಮೇಜಿನ ಮೇಲಿನ ಬಿಸಿ ಕಾಫಿ, ಚಾರ್ಜರ್ ವೈರು ಎರಡೂ ಕೈಗೆ ಎಟುಕುತ್ತವೆ. ನಡಿಗೆ ಬೇಗ ಬರುವುದೂ ಇಲ್ಲ, ತಡವಾಗಬಹುದು. ಹಗಲೆಲ್ಲ ಚಾಪೆಯ ಮೇಲೆ ಬಿಡಿ. ಅಡುಗೆಮನೆಯಿಂದ ಒಂದು ಬುಟ್ಟಿ ತಯಾರಿಸಿ: ಸ್ಟೀಲ್ ಲೋಟ, ಮರದ ಸೌಟು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನಾಲ್ಕು ಹುರುಳಿಕಾಳು, ಒಂದು ತುಂಡು ಹತ್ತಿಬಟ್ಟೆ. ದಿನಕ್ಕೆ ಮೂರು ಸಾಮಾನು ಮಾತ್ರ ಹೊರಗೆ, ಮರುದಿನ ಬೇರೆ. ಒಂದೊಂದರ ಜೊತೆ 5ರಿಂದ 15 ನಿಮಿಷ ತಾನಾಗಿ ಆಡುತ್ತಾಳೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ, ಅದು ಅವಳ ವಯಸ್ಸಿನ ಮಿತಿ.

ಫೋನು

ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ ಎರಡು ವರ್ಷದವರೆಗೂ ಬೇಡ ಅಂತಲೇ, ಅಜ್ಜ ಅಜ್ಜಿಯರ ಜೊತೆ ವಿಡಿಯೊ ಕಾಲ್ ಒಂದು ಬಿಟ್ಟು. ಕಳೆದ ತಿಂಗಳು ತೋರಿಸಿದ್ದಕ್ಕೆ ಅವಳ ಬುದ್ಧಿ ಕೆಟ್ಟುಹೋಗಿದೆ ಅಂತ ಹೆದರಬೇಡಿ. ನಷ್ಟ ಬೇರೆಯದು. ಈ ವಯಸ್ಸಿನಲ್ಲಿ "ಬ ಬ, ಮ ಮ" ಅಂದಾಗ ಯಾರಾದರೂ ತಿರುಗಿ "ಬ ಬ" ಅನ್ನಬೇಕು, ಮಾತು ಬರುವುದು ಆ ಕೊಡುಕೊಳ್ಳುವಿಕೆಯಿಂದ. ಫೋನು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಅಳು ನಿಲ್ಲುವುದು ಮಗುವಿಗೆ ಸಮಾಧಾನವಾಗಿದ್ದರಿಂದಲ್ಲ, ಬೆಳಕು ಬಣ್ಣಗಳು ಕಣ್ಣನ್ನು ಹಿಡಿದಿಟ್ಟಿದ್ದರಿಂದ. ತೆಗೆದ ಕೂಡಲೇ ಮೊದಲಿಗಿಂತ ಜೋರಾಗಿ ಅಳುವುದನ್ನು ನೀವೇ ನೋಡಿರುತ್ತೀರಿ. ಹಾಡು ಬೇಕಿದ್ದರೆ ಪರದೆ ಮಗುಚಿಟ್ಟು ಸದ್ದು ಮಾತ್ರ ಕೇಳಿಸಿ.

ಐದೂವರೆ ಗಂಟೆ ಯಾರ ಪಾಲು?

5.15ರಿಂದ 6.30 ಯಜಮಾನರದು, ಚರ್ಚೆಯಿಲ್ಲದೆ. ಕಾಲೇಜಿನಿಂದ ಬಂದು ಕೈಕಾಲು ತೊಳೆದು ಮಗುವನ್ನು ಹೊರಗೆ ತಿರುಗಾಡಿಸಲಿ. ರಾತ್ರಿ ಕಾಲ್ ಇರುವ ಮೂರು ದಿನ ಮಲಗಿಸುವುದೂ ಅವರದೇ: 7.30ಕ್ಕೆ ನೀವು ಹಾಲು ಕುಡಿಸಿ ಕೊಡಿ, ತಟ್ಟಿ ಮಲಗಿಸುವುದು ಅವರು. ಆ ಮೂರು ದಿನ ಅಂತಲ್ಲದೆ ಎಲ್ಲ ದಿನವೂ ಅವರೇ ಮಲಗಿಸಿದರೆ ಮಗು ಬೇಗ ಒಗ್ಗುತ್ತದೆ.

ಉಳಿದದ್ದು 10ರಿಂದ 4.30. ಇಲ್ಲಿ ಅತ್ತೆಯವರೊಬ್ಬರ ಮೇಲೆ ಹಾಕುವುದು ಅವರಿಗೂ ಮಗುವಿಗೂ ನ್ಯಾಯವಲ್ಲ. ಮಂಡಿನೋವಿರುವವರು ಚಾಪೆಯಿಂದ ಥಟ್ಟನೆ ಏಳಲಾರರು. ಮಗುವನ್ನೇ ದಿವಾನದ ಮೇಲೆ ಕೂರಿಸಿಕೊಂಡರೆ ಬೀಳುವ ಅಪಾಯ. ನನ್ನ ಸಲಹೆ: ಆ ಹೊತ್ತಿಗೆ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಎತ್ತುವುದು, ಒರೆಸುವುದು, ಬಟ್ಟೆ ಬದಲಿಸುವುದು ಅವರದು. ಅತ್ತೆ ಕುರ್ಚಿಯಲ್ಲಿ ಎದುರಿಗೆ ಕೂತು ಮಾತಾಡಿಸಲಿ, ತಿನ್ನಿಸಲಿ, ಮೇಲ್ವಿಚಾರಣೆ ಮಾಡಲಿ. ಮಗು ಅಪರಿಚಿತರ ಜೊತೆ ಒಂಟಿಯಾಗಿಲ್ಲ ಅನ್ನುವ ಧೈರ್ಯ ನಿಮಗಿರುತ್ತದೆ, ಮನೆಯಲ್ಲಿ ಹಿರಿಯರ ಮಾತಿಗೂ ಬೆಲೆ ಇರುತ್ತದೆ. ಅಷ್ಟು ದುಡ್ಡು ಕಷ್ಟ ಅನ್ನಿಸಿದರೆ ಅಡುಗೆ ಪಾತ್ರೆಗೆ ಬರುವವರನ್ನೇ ಎರಡು ಗಂಟೆ ಹೆಚ್ಚು ಇರಿಸಿಕೊಂಡು ಅರ್ಧ ದಿನಕ್ಕಾದರೂ ಏರ್ಪಾಡು ಮಾಡಿಕೊಳ್ಳಿ.

ಊರಿಂದ ನೆಂಟರ ಹುಡುಗಿಯನ್ನು ಕರೆತರುವ ಮಾತು ಬಂದರೆ ಒಪ್ಪಬೇಡಿ. 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, ಮೇಲಾಗಿ ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಆ ಹುಡುಗಿ ಏನು ಮಾಡಿಯಾಳು?

ಬರುವವರಿಗೆ ಎರಡು ವಾರಕ್ಕಿಂತ ಹಳೆಯ ಕೆಮ್ಮಿದ್ದರೆ ಕಫ ಪರೀಕ್ಷೆ ಆಗುವವರೆಗೆ ಮಗು ಕೊಡಬೇಡಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಮೊದಲ ಮೂರು ದಿನ ಶುಕ್ರವಾರ, ಶನಿವಾರ, ಭಾನುವಾರ ಇರುವಂತೆ ನೋಡಿ, ಜೊತೆಗಿದ್ದು ಕಲಿಸಲು ನಿಮಗೆ ಬಿಡುವು ಸಿಗುತ್ತದೆ. ಅವರಿಗೂ ಅತ್ತೆಗೂ ಇದನ್ನು ಮಾಡಿ ತೋರಿಸಿ: ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಅಳಲೂ ಕೆಮ್ಮಲೂ ಆಗದಿದ್ದರೆ ಮಗುವನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗಾಗಿ ಮಲಗಿಸಿ ಬೆನ್ನಿನ ನಡುವೆ ಅಂಗೈ ಬುಡದಿಂದ 5 ಗುದ್ದು, ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ 5 ಒತ್ತು, ವಸ್ತು ಹೊರಬರುವವರೆಗೆ ಇದೇ ಸರದಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ಕಡಲೆಬೀಜ, ಇಡೀ ದ್ರಾಕ್ಷಿ, ಚಕ್ಕುಲಿ ಚೂರು ಮಗುವಿನ ಹತ್ತಿರ ಬರಬಾರದು. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ. ಊಟ ದಿನಕ್ಕೆ ಎರಡು ಮೂರು ಸಲ, ರಾಗಿ ಸರಿಯೋ ಅನ್ನ-ಬೇಳೆ-ತುಪ್ಪವೋ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ. ನೀರಾಗಿಸಿದರೆ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ.

ನಿಮ್ಮ ಕೆಲಸದ ಕೋಣೆಯನ್ನೂ ಒಮ್ಮೆ ನೆಲಕ್ಕೆ ಕೂತು, ಅವಳ ಎತ್ತರದಿಂದ ನೋಡಿ. ರಿಮೋಟ್, ತೂಕದ ಯಂತ್ರ, ಸದ್ದು ಮಾಡುವ ಗೊಂಬೆಗಳಲ್ಲಿ ಇರುವ ಗುಂಡಿಯಾಕಾರದ ಬ್ಯಾಟರಿ ಎಲ್ಲಕ್ಕಿಂತ ಕೆಟ್ಟದ್ದು, ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ. ಸೊಳ್ಳೆ ಓಡಿಸುವ ದ್ರವದ ಬಾಟಲಿ ನೆಲದ ಹತ್ತಿರದ ಪ್ಲಗ್ಗಿನಲ್ಲಿ ಇರಬಾರದು. ಬಚ್ಚಲಲ್ಲಿ ಬಕೆಟ್ ಖಾಲಿ ಇರಲಿ, ನಾಲ್ಕು ಬೆರಳು ನೀರಲ್ಲೂ ಮಗು ಮುಳುಗುತ್ತದೆ.

ಹಾಸನದಲ್ಲಿ ಡೇ ಕೇರ್ ನೋಡುವುದಾದರೆ, ವರ್ಷದೊಳಗಿನ ಮೂರ್ನಾಲ್ಕು ಮಕ್ಕಳಿಗೆ ಒಬ್ಬರಾದರೂ ಇದ್ದಾರೆಯೇ ಅಂತ ಹೇಳದೆ ಕೇಳದೆ ಹೋಗಿ ನೋಡಿ. ಮೊದಲ ವರ್ಷ ಎಂಟು ಹತ್ತು ಸಲ ನೆಗಡಿ ಬರುವುದು ಖಂಡಿತ, ಜ್ವರ ಬಂದ ದಿನ ಮಗು ಮತ್ತೆ ಮನೆಯಲ್ಲೇ. ಅದಕ್ಕೆ ನಿಮ್ಮ ರಜೆ ಉಳಿಸಿಕೊಂಡಿರಬೇಕು.

ಕಂಪನಿಯನ್ನು ಏನು ಕೇಳಬಹುದು

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಮೊದಲ ಎರಡು ಮಕ್ಕಳಿಗೆ ರಜೆ 12ರಿಂದ 26 ವಾರಕ್ಕೆ ಏರಿತು. ರಜೆಯ ನಂತರ ಮನೆಯಿಂದ ಕೆಲಸ ಮಾಡುವ ಮಾತೂ ಆಗಲೇ ಸೇರಿತು, ಆದರೆ ಅದು ಕೆಲಸದ ಸ್ವರೂಪ ಮತ್ತು ಇಬ್ಬರ ಒಪ್ಪಿಗೆಗೆ ಬಿಟ್ಟದ್ದು, ಹಕ್ಕಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮ ಮಾತ್ರ ಹಕ್ಕು, ಮಾಮೂಲಿ ವಿರಾಮದ ಜೊತೆಗೆ ಹೆಚ್ಚುವರಿಯಾಗಿ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು. ಇವೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಹಾಸನದಲ್ಲಿರುವ ನಿಮಗೆ ಬೆಂಗಳೂರಿನ ಕೇಂದ್ರದಿಂದ ಉಪಯೋಗವಿಲ್ಲ, ಬದಲಿಗೆ ಡೇ ಕೇರ್ ಖರ್ಚು ಕೊಡುತ್ತಾರೆಯೇ ಅಂತ ಎಚ್‌ಆರ್‌ಗೆ ಕೇಳಿ. ಮ್ಯಾನೇಜರ್ ಹತ್ತಿರ "ಕಷ್ಟವಾಗುತ್ತಿದೆ" ಅಂದರೆ ಸಹಾನುಭೂತಿ ಸಿಗುತ್ತದೆ, ಸಮಯ ಸಿಗುವುದಿಲ್ಲ. "10.30ರಿಂದ 12.30, 2.30ರಿಂದ 4.30 ಮೀಟಿಂಗಿಗೆ ಖಂಡಿತ ಸಿಗುತ್ತೇನೆ, 10ಕ್ಕೂ 2ಕ್ಕೂ 20 ನಿಮಿಷ ಇರುವುದಿಲ್ಲ, ರಾತ್ರಿ ಕಾಲ್ ಮೂರರ ಬದಲು ಒಂದಾಗಲಿ" ಅನ್ನಿ. ಗಮನ ಬೇಡುವ ಕೆಲಸವನ್ನು 12.45ರ ನಿದ್ದೆಗೆ ಇಟ್ಟುಕೊಳ್ಳಿ, ಮೇಲ್ ಉತ್ತರಿಸುವುದನ್ನು ಅಲ್ಲಿ ಹಾಳು ಮಾಡಬೇಡಿ.

ಅಳು ಬರುವ ವಿಷಯ. ನಿದ್ದೆಗೆಟ್ಟವರಿಗೆ ಅಳು ಬರುತ್ತದೆ. ಮೇಲಿನ ಏರ್ಪಾಡು ಮಾಡಿಕೊಂಡು ರಾತ್ರಿ ಕೆಲಸ ಪೂರ್ತಿ ನಿಲ್ಲಿಸಿ, ಎರಡು ವಾರ ನೋಡಿ. ಆಮೇಲೂ ದಿನದ ಬಹುಪಾಲು ಮಂಕು ಕವಿದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರದಿದ್ದರೆ, ಮಗುವಿನ ಮೇಲೆ ಏನೂ ಅನ್ನಿಸದಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು, ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರುತ್ತದೆ. ಚಿಕಿತ್ಸೆಯಿದೆ, ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಕೆಲಸ ಬಿಡುವ ತೀರ್ಮಾನವನ್ನು ಈ ತಿಂಗಳು ತೆಗೆದುಕೊಳ್ಳಬೇಡಿ. ಈಗ ನೀವು ನೋಡುತ್ತಿರುವುದು ಸಹಾಯವೇ ಇಲ್ಲದ ಕೆಲಸವನ್ನು. ಸಹಾಯ ಇಟ್ಟುಕೊಂಡು ಆರು ವಾರ ನೋಡಿ, ಅಷ್ಟರಲ್ಲಿ 9 ತಿಂಗಳ ಲಸಿಕೆಯ ಹೊತ್ತಿಗೆ ತೂಕವೂ ಗೊತ್ತಾಗುತ್ತದೆ. ಆಗಲೂ ಆಗದಿದ್ದರೆ ರಾಜೀನಾಮೆಗೆ ಮೊದಲು ಎರಡು ಮೆಟ್ಟಿಲಿವೆ: ಅರ್ಧ ದಿನದ ಕೆಲಸ ಅರ್ಧ ಸಂಬಳಕ್ಕೆ, ಇಲ್ಲವೆ ಮೂರು ತಿಂಗಳ ಸಂಬಳರಹಿತ ರಜೆ. ಎರಡನ್ನೂ ಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಬೇಡ. ವಾಪಸ್ ಬರುವ ತಾರೀಕನ್ನೂ ಅದರಲ್ಲೇ ಬರೆಯಿರಿ.